ಹಿಂಗಾರ ಕಟ್ಟಿಸಿಕೊಂಡ ಬಸ್ಸು

ತೋಡಾರಿನ ಜಲಜಾಕ್ಷಿಗೆ ಬಸ್ಸಿನ ಹುಚ್ಚಿತ್ತು ಎಂದು ಹೇಳುವವರು ಇವತ್ತಿಗೂ ಇದ್ದಾರೆ. ಕಂಬಳದ ಕೋಣಗಳಿಗೆ ಮನೆಯ ಮಕ್ಕಳಿಗೂ ಕೊಡದಷ್ಟು ಹುರುಳಿ ಬೇಯಿಸಿ ಹಾಕಿದವರನ್ನು ಯಾರೂ ಹುಚ್ಚರೆನ್ನಲಿಲ್ಲ. ಕೋಳಿ ಅಂಕಕ್ಕೆ ಹೋಗಿ ಎರಡು ದಿನ ಮನೆ ಮರೆತವರನ್ನೂ ಹುಚ್ಚರೆನ್ನಲಿಲ್ಲ. ಹೆಂಗಸೊಬ್ಬಳು ರಸ್ತೆ ಬದಿಯ ಕಟ್ಟೆಯಲ್ಲಿ ಕೂತು, ಯಾವ ಡ್ರೈವರ್ ಸರಿಯಾಗಿ ಬಸ್ಸು ಓಡಿಸುತ್ತಾನೆ, ಯಾವನಿಗೆ ಅದು ಬರುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಿದಳು. ಅದು ಮಾತ್ರ ಹುಚ್ಚಾಯಿತು. ನನ್ನ ಹೆಸರು ಅಣ್ಣು. ಹಸಿರು ಬಸ್ಸಿನ ಕಂಡಕ್ಟರ್ ಆಗಿ ಅವಳ ಕಟ್ಟೆಯ ಎದುರು ವರ್ಷಾನುಗಟ್ಟಲೆ ಸೀಟಿ ಊದಿದವನು. ಅವಳು ನನ್ನನ್ನು ಒಂದು ದಿನವೂ ಹೊಗಳಿದವಳಲ್ಲ. ಆದರೂ ಹೇಳುತ್ತೇನೆ, ಆ ರಸ್ತೆಯಲ್ಲಿ ತಲೆ ಸರಿ ಇದ್ದ ಕೆಲವೇ ಜನರಲ್ಲಿ ಅವಳೊಬ್ಬಳು.

ಐವತ್ತರ ದಶಕದ ಮಾತು. ಮೂಡುಬಿದಿರೆಯಿಂದ ಮಂಗಳೂರಿಗೆ ಎರಡು ಕಂಪೆನಿಯ ಬಸ್ಸುಗಳು ಓಡುತ್ತಿದ್ದವು. ಎರಡಕ್ಕೂ ದೇವರ ಹೆಸರಿತ್ತು, ಆದರೆ ಆ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ನಮ್ಮದು ಹಸಿರು ಬಸ್ಸು, ಅವರದು ಹಳದಿ ಬಸ್ಸು, ಅಷ್ಟೇ. ಬೆಳಗ್ಗೆ ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊರಡುತ್ತಿದ್ದವು. ಯಾರು ಮೊದಲು ತೋಡಾರಿನ ಕಟ್ಟೆ ತಲುಪುತ್ತಾರೋ ಅವರಿಗೆ ಅಲ್ಲಿ ಕಾದು ನಿಂತ ಜನ, ಬುಟ್ಟಿ, ಕೋಳಿ, ವೀಳ್ಯದೆಲೆಯ ಕಟ್ಟು ಎಲ್ಲ ಸಿಗುತ್ತಿತ್ತು. ಹಿಂದೆ ಬಂದವನಿಗೆ ಮುಂದಿನವನ ಧೂಳು. ಹಾಗಾಗಿ ದಿನಾ ಬೆಳಗ್ಗೆ ಓಟ. ಬಸ್ಸಿನ ಮಾಲೀಕರಾದ ಧನಿಗಳು ಎಲ್ಲರೆದುರು ನಿಧಾನ ಹೋಗಿ ಎನ್ನುತ್ತಿದ್ದರು, ಬಸ್ಸು ಖಾಲಿ ಬಂದರೆ ಮುಖ ತಿರುಗಿಸುತ್ತಿದ್ದರು. ಇದನ್ನು ಕಣ್ಣಾರೆ ಕಂಡ ನನಗೆ ಯಾರೂ ಬೇರೆ ಕಥೆ ಹೇಳಬೇಕಾಗಿಲ್ಲ.

ಧೂಪದ ಮರದ ಕೆಳಗಿನ ಆ ಕಟ್ಟೆಯ ಹಿಂದಿನ ಹಂಚಿನ ಮನೆ ಜಲಜಾಕ್ಷಿಯದು. ಅವಳದು ಎಂದು ಬೇಕೆಂದೇ ಹೇಳುತ್ತಿದ್ದೇನೆ. ನಮ್ಮ ಕಡೆಯ ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತದೆ. ಗಂಡಸರು ಯಜಮಾನಿಕೆ ಮಾಡುತ್ತಾರೆ, ಮನೆ ಹೆಂಗಸರದ್ದು. ಅಲ್ಲಿ ಯಜಮಾನರಾಗಿದ್ದವರು ಅವಳ ಸೋದರಮಾವ ಮುಂಡಪ್ಪ ಶೆಟ್ಟರು. ಅವರ ವಿಷಯ ಆಮೇಲೆ ಹೇಳುತ್ತೇನೆ. ಬಸ್ಸನ್ನು ಕಾಯಿಸುವುದು ಅವರಿಗೆ ಅಭ್ಯಾಸವಾಗಿತ್ತು, ಈಗ ಸ್ವಲ್ಪ ಅವರೇ ಕಾಯಲಿ.

ಜಲಜಾಕ್ಷಿಯನ್ನು ಅಳದಂಗಡಿಯ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಚಿನ್ನಯ್ಯ ಒಳ್ಳೆಯವನೇ, ಕುಡಿತವಿಲ್ಲ, ಹೊಡೆತವಿಲ್ಲ. ಎರಡನೆಯ ಮಳೆಗಾಲ ಕಳೆದದ್ದೇ ಅವಳು ಟ್ರಂಕು ಹೊರಿಸಿಕೊಂಡು ವಾಪಸು ಬಂದಳು. ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಳು. "ಅಲ್ಲಿ ಒಂದೇ ಬಸ್ಸು. ಅವನೇ ಮುಂದೆ, ಅವನೇ ಹಿಂದೆ. ಅದರಲ್ಲಿ ಎಂತ ನೋಡ್ಲಿಕ್ಕುಂಟು?" ಜನ ಬಿದ್ದು ಬಿದ್ದು ನಕ್ಕರು. ನಿಜವಾದ ಕಾರಣ ಬೇರೆ ಏನಾದರೂ ಇತ್ತೋ ಏನೋ, ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಗಂಡನನ್ನು ಬಿಟ್ಟು ಬಂದವಳು ಕೆಲವು ಕಾಲ ತಲೆ ತಗ್ಗಿಸಿಕೊಂಡು ಒಳಕೋಣೆ ಸೇರಬೇಕೆಂದು ಊರು ನಿರೀಕ್ಷಿಸಿತ್ತು. ಅವಳು ಮಾರನೆಯ ದಿನವೇ ಗೆರಸೆ ಹಿಡಿದುಕೊಂಡು ಬಂದು, ಎಲ್ಲರಿಗೂ ಕಾಣುವ ಹಾಗೆ ಕಟ್ಟೆಯಲ್ಲಿ ಕಾಲು ಚಾಚಿ ಕೂತು ಅಕ್ಕಿ ಆರಿಸಿದಳು. ಗದ್ದೆಯ ಕೆಲಸ, ಒಕ್ಕಲಿನವರ ತಕರಾರು, ಹಟ್ಟಿ, ಕೊಟ್ಟಿಗೆ ಎಲ್ಲವನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಆದರೆ ಬೆಳಗಿನ ಬಸ್ಸಿನ ಹೊತ್ತನ್ನು ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಅವಳ ಅಭಿಪ್ರಾಯಗಳು ಒಂದೆರಡಲ್ಲ. ಇಂಜಿನ್ ಮುಂದಕ್ಕೆ ಚಾಚಿ ಮೂಗು ಉದ್ದ ಇರುವ ಬಸ್ಸೇ ಬಸ್ಸು, ಮೂಗಿಲ್ಲದ್ದು ಚಕ್ರ ಕಟ್ಟಿದ ಕಪಾಟು. ಪೆಟ್ರೋಲಿನ ಫಾರ್ಗೊ ಬಸ್ಸು ಏರಿನಲ್ಲಿ ಹಾಡುತ್ತದೆ, ಡೀಸೆಲ್ ಇಂಜಿನುಗಳಿಗೆಲ್ಲ ಗಂಟಲಲ್ಲಿ ಕಫ. ಹಳದಿ ಕಂಪೆನಿಯವರು ಬಣ್ಣಕ್ಕೆ ಕೊಟ್ಟ ಗಮನವನ್ನು ಬ್ರೇಕಿಗೆ ಕೊಡಲಿಲ್ಲ. ಹಾಗೆಂದು ನಮ್ಮನ್ನೂ ಬಿಡುತ್ತಿರಲಿಲ್ಲ. "ನಿಮ್ಮ ಧನಿಗೆ ಹಳೇ ಟಯರ್ ಅಂದ್ರೆ ಮನೆದೇವ್ರು ಅಲ್ವಾ ಅಣ್ಣು? ತೆಗೆದು ಕೆಳಗಿಡ್ಲಿಕ್ಕೆ ಮನಸ್ಸೇ ಬರುದಿಲ್ಲ." ನನ್ನ ಸೀಟಿಯ ಬಗ್ಗೆ, ಅದಕ್ಕೆ ಬೆನ್ನೆಲುಬಿಲ್ಲ ಎಂಬ ಮಾತನ್ನು ತುಂಬಿದ ಬಸ್ಸಿನ ಎದುರೇ ಹೇಳಿದ್ದಳು. ಅವಳ ಮಾತು ತಪ್ಪುವುದೂ ಇತ್ತು. ಹಳದಿಯವರು ಮೂಗಿಲ್ಲದ ಹೊಸ ಬಸ್ಸು ತಂದಾಗ, ಇದು ದೀಪಾವಳಿ ಕಾಣುವುದಿಲ್ಲ ಎಂದಳು. ಅದು ಎಷ್ಟೋ ದೀಪಾವಳಿ ಕಂಡಿತು. ಕೇಳಿದರೆ, "ಅದು ನನ್ನ ಮೇಲಿನ ಹಠಕ್ಕೆ ಓಡ್ತಾ ಉಂಟು" ಎಂದಳೇ ಹೊರತು ಸೋತೆ ಎನ್ನಲಿಲ್ಲ.

ಡ್ರೈವರುಗಳ ವಿಷಯಕ್ಕೆ ಬಂದರೆ ಅವಳ ಮಾತು ಇನ್ನೂ ಖಾರ. ಹಳದಿ ಬಸ್ಸಿನ ರುಕ್ಮಯ್ಯ ಆಗ ಊರಿಗೆ ರಾಜ. ಎತ್ತರದ ಆಳು, ಕಪ್ಪು ಕನ್ನಡಕ, ಕಾಲರಿನ ಕೆಳಗೆ ಮಡಚಿಟ್ಟ ಕರವಸ್ತ್ರ. ವಾರದಲ್ಲಿ ಹೆಚ್ಚಿನ ದಿನ ಅವನೇ ಮೊದಲು ಬರುತ್ತಿದ್ದ. ಶಾಲೆಯ ಹುಡುಗರು ಅವನ ಹಾಗೆ ಹಾರ್ನ್ ಕೂಗುತ್ತ ಓಡುತ್ತಿದ್ದರು. ನಮ್ಮ ಹನೀಫಾ ತೋಡಾರಿನವನೇ, ಸಪೂರ ಮನುಷ್ಯ. ಬರಿಗಾಲಲ್ಲಿ ಪೆಡಲ್ ಒತ್ತುತ್ತಿದ್ದ, ಬಾಯಲ್ಲಿ ಏನೋ ಗುನುಗುತ್ತಿದ್ದ. ನೋಡುವುದಕ್ಕೆ ಏನೂ ಇಲ್ಲ. ಜಲಜಾಕ್ಷಿ ಮಾತ್ರ ಮೊದಲಿನಿಂದಲೂ ಹನೀಫಾನ ಪಕ್ಷ.

ಒಂದು ದಿನ ರುಕ್ಮಯ್ಯನೇ ಬಸ್ಸು ನಿಲ್ಲಿಸಿ ಕೇಳಿದ. "ದಿನಾ ಮೊದಲು ಬರುವುದು ನಾನು. ನಿಮಗೆ ಚಂದ ಕಾಣುದು ಅವ. ನನ್ನಲ್ಲಿ ಎಂತ ಕಮ್ಮಿ ಉಂಟು ಅಕ್ಕ?"

"ನೀನು ಕನ್ನಡಿ ನೋಡಿಕೊಂಡು ಗಾಡಿ ಓಡಿಸ್ತಿ ರುಕ್ಮಯ್ಯ" ಎಂದಳು ಅವಳು. "ಹಿಂದೆ ಯಾರು ಬಂದ, ಎಷ್ಟು ಹತ್ತಿರ ಬಂದ, ಅದೇ ನಿನಗೆ. ಹನೀಫಾ ರಸ್ತೆ ನೋಡ್ತಾನೆ. ನಿನಗೆ ಹಿಂದಿನವನ ಹೆದರಿಕೆ. ಅವನಿಗೆ ಆ ಹೆದರಿಕೆ ಇಲ್ಲ."

ರುಕ್ಮಯ್ಯ ಕನ್ನಡಕ ತೆಗೆದು ಒರೆಸಿಕೊಂಡು ಹೋದ. ಅವನಿಗೆ ಅಷ್ಟು ನೇರವಾಗಿ ಹೇಳಿದವರು ಬೇರೆ ಯಾರೂ ಇರಲಿಲ್ಲ.

ಹಿಂಗಾರದ ಸಂಗತಿ ಶುರುವಾದದ್ದು ಇದರ ನಂತರ. ತೋಡಾರಿಗೆ ಇಳಿಯುವ ಜಾರಿನಲ್ಲಿ ಒಂದು ಬೆಳಗ್ಗೆ ನಮ್ಮ ಬಸ್ಸಿನ ಬ್ರೇಕು ಹೋಯಿತು. ಹನೀಫಾ ಕೂಗಲಿಲ್ಲ, ತಿರುಗಿ ನೋಡಲಿಲ್ಲ. ಗೇರು ಇಳಿಸುತ್ತ, ಇಂಜಿನನ್ನೇ ಹಿಡಿತಕ್ಕೆ ತಂದು, ರಸ್ತೆಯ ಎಡಬದಿಯ ಮಣ್ಣಿನ ದಿಣ್ಣೆಗೆ ಚಕ್ರ ಒರೆಸುತ್ತ, ಬಸ್ಸನ್ನು ಸರಿಯಾಗಿ ಕಟ್ಟೆಯ ಎದುರು ತಂದು ನಿಲ್ಲಿಸಿದ. ಒಳಗಿದ್ದ ಜನ ಏನೂ ತಿಳಿಯದೆ ಬುಟ್ಟಿ ತೆಗೆದುಕೊಂಡು ಇಳಿದು ಹೋದರು. ನನಗೂ ಗೊತ್ತಾದದ್ದು ಆಮೇಲೆ, ಅವನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕೂತದ್ದನ್ನು ನೋಡಿದಾಗ. ಹಳದಿ ಬಸ್ಸು ಎಷ್ಟೋ ಹೊತ್ತಿನ ಮೊದಲೇ ಜನರನ್ನು ತುಂಬಿಸಿಕೊಂಡು ಹೋಗಿಯಾಗಿತ್ತು. ಇಂಜಿನಿನ ದನಿಯಲ್ಲೇ ಎಲ್ಲ ತಿಳಿದುಕೊಂಡಿದ್ದ ಜಲಜಾಕ್ಷಿ ಎದ್ದು ಹೋಗಿ, ಅಂಗಳದಲ್ಲಿ ಇಟ್ಟಿದ್ದ ಅಡಿಕೆಯ ಹೊಸ ಹಿಂಗಾರ ತಂದು, ಬಸ್ಸಿನ ಮೂಗಿನ ಮೇಲೆ ಬಾಳೆನಾರಿನಲ್ಲಿ ಕಟ್ಟಿದಳು.

ಹಿಂಗಾರವೆಂದರೆ ನಮ್ಮಲ್ಲಿ ಬೆಲೆ ಬೇರೆ. ಅಡಿಕೆಯ ಆ ಎಳೆ ಹೂಗೊನೆ ದೈವಕ್ಕೆ ಸಲ್ಲುವುದು. ಕೋಲ ಕಟ್ಟಿದಾಗ ದೈವದ ಕೈಯಲ್ಲಿರುವುದು ಅದು, ಪ್ರಸಾದವಾಗಿ ಬರುವುದೂ ಅದೇ. ಅದನ್ನು ಬಸ್ಸಿಗೆ ಕಟ್ಟಿದ್ದು ಕಂಡು ಮುಂಡಪ್ಪ ಶೆಟ್ಟರು ಮನೆಯೊಳಗೆ ಗುಡುಗಿದರಂತೆ. "ಸೋತ ಬಸ್ಸಿಗೆ ಕಟ್ಟಿದ್ದೇನೆ ಮಾವ, ಗೆದ್ದವನಿಗೆ ಊರೇ ಉಂಟಲ್ಲ" ಎಂದು ಅವಳು ತಿರುಗಿ ಹೇಳಿದಳಂತೆ. ಅಲ್ಲಿಂದ ಮುಂದೆ ಯಾವತ್ತಾದರೊಮ್ಮೆ, ಅವಳ ಮನಸ್ಸಿಗೆ ಹಿಡಿಸುವ ಹಾಗೆ ಯಾರಾದರೂ ಬಸ್ಸು ಓಡಿಸಿದರೆ, ಹಿಂಗಾರ ಕಟ್ಟುವುದು ರೂಢಿಯಾಯಿತು. ಶಿರ್ತಾಡಿಯ ಕಡೆಯಿಂದ ಬರುವ ಡ್ರೈವರುಗಳೂ ಕಟ್ಟೆಯ ಹತ್ತಿರ ಬರುವಾಗ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಆದರೆ ಹೆಚ್ಚಿನ ಸಲ ಸಿಕ್ಕಿದ್ದು ಹನೀಫಾನಿಗೇ. ರುಕ್ಮಯ್ಯನಿಗೆ ಒಂದು ಸಲವೂ ಸಿಗಲಿಲ್ಲ.

ಈಗ ಮುಂಡಪ್ಪ ಶೆಟ್ಟರ ವಿಷಯ. ಆಗಿನ ಬಸ್ಸುಗಳಲ್ಲಿ ಡ್ರೈವರನ ಪಕ್ಕ ಒಂದು ಸೀಟು ಇರುತ್ತಿತ್ತು. ದೊಡ್ಡವರಿಗೆಂದು ಅದನ್ನು ಖಾಲಿ ಇಡಬೇಕು. ಪಟೇಲರು, ಡಾಕ್ಟರು, ಧನಿಗಳು ಬಾರದಿದ್ದರೆ ಖಾಲಿಯೇ ಹೋಗಬೇಕು, ಹಿಂದೆ ಜನ ಒಂಟಿಕಾಲಲ್ಲಿ ನಿಂತಿದ್ದರೂ ಸರಿ. ಹೆಂಗಸರಂತೂ ಅಲ್ಲಿ ಕೂರುವ ಮಾತೇ ಇಲ್ಲ. ತೋಡಾರಿನಲ್ಲಿ ಆ ಸೀಟು ಮುಂಡಪ್ಪ ಶೆಟ್ಟರದ್ದು. ಕೋರ್ಟಿನಲ್ಲಿ ಅವರದೊಂದು ವ್ಯಾಜ್ಯ ಯಾವಾಗಲೂ ನಡೆಯುತ್ತಿದ್ದುದರಿಂದ ಮೂಡುಬಿದಿರೆಗೂ ಮಂಗಳೂರಿಗೂ ಅವರ ಓಡಾಟ ತಪ್ಪುತ್ತಿರಲಿಲ್ಲ. ಒಂದು ಕಾಲಕ್ಕೆ ಅವರು ಕಂಬಳದ ಕೋಣ ಸಾಕಿದವರು. ಕೋಣ ಮಾರಿದರು, ಆಸೆ ಮಾರಲಿಲ್ಲ. ಬಸ್ಸಿನ ಓಟ ಪಡ್ಡೆಗಳ ಚಾಳಿ ಎಂದು ಊರಿಗೆ ಬುದ್ಧಿ ಹೇಳುತ್ತಿದ್ದರು. ಆದರೆ ಹಳದಿ ಬಸ್ಸನ್ನು ಹಿಂದೆ ಹಾಕಿ ಬಂದ ದಿನ ಮಾವ ಗಂಜಿ ಎರಡನೆಯ ಸಲ ಹಾಕಿಸಿಕೊಳ್ಳುತ್ತಾರೆ ಎಂದು ಜಲಜಾಕ್ಷಿ ನನ್ನ ಹತ್ತಿರ ಹೇಳಿ ನಕ್ಕಿದ್ದಳು. ಆಗ ಆ ಮಾತಿಗೆ ನಾನು ಗಮನ ಕೊಡಲಿಲ್ಲ.

ಅರವತ್ತೆರಡನೆಯ ಇಸವಿ, ಸುಗ್ಗಿಯ ಕೊಯ್ಲು ಮುಗಿದ ಕಾಲ. ಮೂಡುಬಿದಿರೆಯಲ್ಲಿ ಕೆಲಸ ಮುಗಿಸಿದ ಶೆಟ್ಟರು ಮುಂದಿನ ಸೀಟು ಹತ್ತಿ ಕೂತಿದ್ದರು. ತೋಡಾರಿಗೆ ಇನ್ನು ಸ್ವಲ್ಪ ದೂರವಿತ್ತು. ಮುಂದೆ ರುಕ್ಮಯ್ಯನ ಬಸ್ಸು, ಕೆಂಪು ಧೂಳು. ನಾನು ಹಿಂದಿನ ಬಾಗಿಲಲ್ಲಿ ನೇತಾಡುತ್ತಿದ್ದೆ. ನಮ್ಮ ಬಸ್ಸು ಬಲಕ್ಕೆ ಸರಿದು ಒಮ್ಮೆಗೇ ವೇಗ ತೆಗೆದುಕೊಂಡಿತು. ಮುಂದಿನ ಬಸ್ಸೂ ಬಲಕ್ಕೆ ಬಂತು. ಆಮೇಲೆ ಆಕಾಶ ಒಂದು ಬದಿಗೆ ವಾಲಿತು. ನಾವು ಬಿದ್ದದ್ದು ಕೊಯ್ದ ಗದ್ದೆಯೊಳಗೆ. ಬಸ್ಸು ಗದ್ದೆಯ ಅಂಚಿನ ಹುಣಿಗೆ ಒರಗಿ ನಿಂತಿತು. ದೇವರ ದಯೆ, ಯಾರೂ ಸಾಯಲಿಲ್ಲ. ತರಚು ಗಾಯ, ಒಡೆದ ಮೊಟ್ಟೆ, ಅಳು. ಮುಂದಿನ ಸೀಟಿನ ಮುಂಡಪ್ಪ ಶೆಟ್ಟರ ಕಾಲು ಮಾತ್ರ ಮೊಣಕಾಲಿನ ಕೆಳಗೆ ಮುರಿಯಿತು. ಬಸ್ಸಿನ ಮೂಗಿನಲ್ಲಿ ಹಿಂದಿನ ವಾರ ಕಟ್ಟಿದ್ದ ಹಿಂಗಾರ ಒಣಗಿ ಹಾಗೆಯೇ ಇತ್ತು.

ಶೆಟ್ಟರು ಮಂಚದ ಮೇಲೆ ಮಲಗಿಕೊಂಡೇ ತೀರ್ಪು ಕೊಟ್ಟರು. ದೈವಕ್ಕೆ ಸಲ್ಲಬೇಕಾದ ಹೂವನ್ನು ಬಸ್ಸಿಗೆ ಕಟ್ಟಿದ್ದಾಳೆ, ದೈವ ಮುನಿದಿದೆ. ಅದರ ಮೇಲೆ ಆ ಹನೀಫಾನ ಹುಚ್ಚು ಓಟ. ಊರಿಗೆ ಈ ಮಾತು ಬೇಕಾಗಿತ್ತು. ಬಸ್ಸಿನಲ್ಲಿ ಕೂತು, ಇನ್ನೂ ಒತ್ತು, ಇನ್ನೂ ಒತ್ತು ಎಂದು ವರ್ಷಗಟ್ಟಲೆ ಬೊಬ್ಬೆ ಹೊಡೆದವರೆಲ್ಲ ರಾತ್ರಿ ಬೆಳಗಾಗುವಷ್ಟರಲ್ಲಿ ನಿಧಾನದ ಭಕ್ತರಾದರು. ನನಗೆ ಆಗ ಬಂದ ಸಿಟ್ಟು ಈಗಲೂ ಇಳಿದಿಲ್ಲ. ಧನಿ ಹನೀಫಾನಿಗೆ ಮನೆಯಲ್ಲಿ ಕೂರು ಎಂದರು. ಸಂಕ್ರಮಣದ ದಿನ ಶೆಟ್ಟರ ಮನೆಯಲ್ಲಿ ದೈವಕ್ಕೆ ತಂಬಿಲದ ಪೂಜೆ ಇದೆ, ಅಲ್ಲಿ ಜಲಜಾಕ್ಷಿ ತಪ್ಪು ಕಾಣಿಕೆ ಹಾಕಲಿ, ಆಮೇಲೆ ಹನೀಫಾನ ವಿಷಯ ತೀರ್ಮಾನ ಎಂದರು. ತೀರ್ಮಾನ ಏನೆಂದು ಎಲ್ಲರಿಗೂ ಗೊತ್ತಿತ್ತು. ದೈವದ ಎದುರು ಅವಳು ತಪ್ಪೆಂದು ಒಪ್ಪಿಕೊಂಡರೆ ಹನೀಫಾ ಮುಂದೆಂದೂ ಸ್ಟೇರಿಂಗ್ ಹಿಡಿಯುವಂತಿರಲಿಲ್ಲ. ದೈವವೇ ತಳ್ಳಿಹಾಕಿದ ಡ್ರೈವರನನ್ನು ಯಾವ ಕಂಪೆನಿ ಇಟ್ಟುಕೊಳ್ಳುತ್ತದೆ?

ಸಂಕ್ರಮಣಕ್ಕೆ ಮೊದಲು ಅವಳು ಹನೀಫಾನ ಮನೆಗೆ ಹೋದಳು. ಒಬ್ಬಳೇ ಹೋಗುವುದು ಸರಿಯಲ್ಲ ಎಂದು ನನ್ನನ್ನು ಕರೆದಳೆಂದು ನಾನು ಭಾವಿಸಿದ್ದೆ. ಅಲ್ಲ, ಅಕ್ಕಿಯ ಮುಡಿ ಹೊರಲು ಜನ ಬೇಕಿತ್ತು. ಹನೀಫಾನ ಹೆಂಡತಿ ಸೈನಬ ಚಾಪೆ ಹಾಕಿದಳು.

"ಊಟಕ್ಕೆ ಕೂತಲ್ಲಿಯೂ ಅವರ ಬಲಗಾಲು ನೆಲ ಒತ್ತುತ್ತದೆ ಅಕ್ಕ" ಎಂದಳು ಸೈನಬ. "ಕೇಳಿದ್ರೆ ಮಾತಾಡುದಿಲ್ಲ."

"ಹನೀಫಾ, ಆ ದಿನ ಮಾವ ಎಂತ ಹೇಳಿದ್ರು?" ಎಂದು ಜಲಜಾಕ್ಷಿ ನೇರವಾಗಿ ಕೇಳಿದಳು.

ಅವನು ಬಾಗಿಲ ಕಡೆ ನೋಡುತ್ತಲೇ ಹೇಳಿದ. "ಒತ್ತು ಅಂದ್ರು. ಅವನನ್ನು ಇವತ್ತು ಬಿಡ್ಬೇಡ ಅಂದ್ರು. ದಿನಾ ಹೇಳ್ತಾರೆ, ನಾನು ನಗಾಡಿ ಬಿಡ್ತೇನೆ. ಆ ದಿನ ಭುಜ ಹಿಡಿದು ಹೇಳಿದ್ರು. ಹೇಳಿದ್ದು ಅವರು ಹೌದು ಅಕ್ಕ. ಒತ್ತಿದ್ದು ನನ್ನ ಕಾಲು."

"ಇದನ್ನು ಯಾಕೆ ಯಾರಿಗೂ ಹೇಳ್ಲಿಲ್ಲ?"

"ಮಲಗಿದವರ ಮೇಲೆ ಎಂತ ಹೇಳುದು?"

ದಾರಿಯಲ್ಲಿ ಅವಳು ನನ್ನ ಹತ್ತಿರ ಒಂದೇ ಮಾತು ಆಡಿದಳು. "ತಪ್ಪು ಇಬ್ಬರದ್ದು. ಮನೆಯಲ್ಲಿ ಕೂತದ್ದು ಒಬ್ಬ. ಇದು ನನಗೆ ಆಗುದಿಲ್ಲ."

ಸಂಕ್ರಮಣದ ಬೆಳಗ್ಗೆ ಅವರ ಮನೆಯ ಚಾವಡಿ ತುಂಬಿತ್ತು. ದೈವಕ್ಕೆಂದು ತೂಗಿಸಿಟ್ಟ ಉಯ್ಯಾಲೆಯ ಎದುರು ದೀಪ, ಬಾಳೆಲೆಯಲ್ಲಿ ಅವಲಕ್ಕಿ, ಸೀಯಾಳ. ಕುರ್ಚಿಯಲ್ಲಿ ಪಟ್ಟಿ ಕಟ್ಟಿದ ಕಾಲು ಚಾಚಿ ಮುಂಡಪ್ಪ ಶೆಟ್ಟರು. ನಮ್ಮ ಧನಿ ಕಂಬಕ್ಕೆ ಒರಗಿ ಕೂತಿದ್ದರು. ಹನೀಫಾ ಅಂಗಳದಲ್ಲಿ ನಿಂತಿದ್ದ, ನಾನು ಅವನ ಪಕ್ಕದಲ್ಲಿ. ತಪ್ಪು ಕಾಣಿಕೆಗೆ ನಮ್ಮಲ್ಲಿ ಒಂದು ಕ್ರಮ ಉಂಟು. ವೀಳ್ಯದೆಲೆಯ ಮೇಲೆ ನಾಣ್ಯ ಇಟ್ಟು ಸುಮ್ಮನೆ ಕೈ ಮುಗಿದರೆ ಆಗುವುದಿಲ್ಲ. ಏನು ತಪ್ಪು ಮಾಡಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ಬಾಯಿಯಿಂದಲೇ ಹೇಳಬೇಕು. ಅಲ್ಲಿ ಸುಳ್ಳು ಹೇಳಿದ ಮನೆ ಉಳಿಯುವುದಿಲ್ಲ ಎಂದು ನಾವೆಲ್ಲ ನಂಬಿದವರು. ಮುಂಡಪ್ಪ ಶೆಟ್ಟರೂ ನಂಬಿದವರೇ. ಅವಳು ಬರುವಷ್ಟರಲ್ಲಿ ಅವರು ಆ ಕ್ರಮವನ್ನು ಮರೆತಿದ್ದರೋ, ಅದು ತಮಗಲ್ಲ ಎಂದುಕೊಂಡಿದ್ದರೋ ಕಾಣೆ.

ಜಲಜಾಕ್ಷಿ ವೀಳ್ಯದೆಲೆ ಕೈಯಲ್ಲಿ ಹಿಡಿದು ದೈವದ ಎದುರು ನಿಂತಳು. "ಹಿಂಗಾರ ಕಟ್ಟಿದ್ದು ನಾನು. ತಿಳಿಯದೆ ಕಟ್ಟಿದ್ದಲ್ಲ, ತಿಳಿದೇ ಕಟ್ಟಿದ್ದು. ಬ್ರೇಕಿಲ್ಲದ ಬಸ್ಸಿನಲ್ಲಿ ಅಷ್ಟು ಜೀವ ಉಳಿಸಿದವನಲ್ಲಿ ನನಗೆ ದೈವ ಕಂಡಿತು. ಅದು ತಪ್ಪಾಗಿದ್ರೆ ದೈವ ನನ್ನ ಕಾಲು ಮುರಿಯಬೇಕಿತ್ತು. ನನ್ನ ಎರಡು ಕಾಲೂ ಸರಿ ಉಂಟು, ನೋಡಿ."

ಹಿರಿಯರೊಬ್ಬರು ಕೆಮ್ಮಿದರು. "ಬ್ಯಾರಿ ಓಡಿಸುವ ಬಸ್ಸಿಗೆ ದೈವದ ಹೂವು ಕಟ್ಟುದುಂಟಾ ಮಾರಾಯ್ತಿ?"

"ಬೊಬ್ಬರ್ಯ ದೈವಕ್ಕೆ ಹಿಂಗಾರ ಇಡುವಾಗ ಅವನ ಅಪ್ಪ ಯಾರು ಅಂತ ಕೇಳ್ತೀರಾ?" ಎಂದಳು ಅವಳು. ಬೊಬ್ಬರ್ಯನ ಅಪ್ಪ ಮುಸಲ್ಮಾನ ವ್ಯಾಪಾರಿಯೆಂಬ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹಿರಿಯರು ಮತ್ತೆ ಕೆಮ್ಮಲಿಲ್ಲ.

ಆಮೇಲೆ ಅವಳು ಮಾವನ ಕಡೆ ತಿರುಗಿದಳು. ದನಿ ಏರಲಿಲ್ಲ. "ಮಾವ, ಕಾಲು ಮುರಿದದ್ದು ನಿಮ್ಮದು. ಯಾಕೆ ಮುರಿಯಿತು ಅಂತ ಇಲ್ಲಿ ನೀವೇ ಹೇಳ್ಬೇಕು. ಹಳದಿ ಬಸ್ಸು ಮುಂದೆ ಇದ್ದಾಗ ನೀವು ಹನೀಫಾನ ಭುಜ ಹಿಡಿದು ಎಂತ ಹೇಳಿದಿರಿ? ಏನೂ ಹೇಳ್ಲಿಲ್ಲ ಅಂತಾದ್ರೆ ಹಾಗೆಯೇ ಹೇಳಿ. ಈಗಲೇ ನಾನು ಈ ಕಾಣಿಕೆ ಹಾಕ್ತೇನೆ. ಈ ಮನೆಯಿಂದ ಇಳಿದೂ ಹೋಗ್ತೇನೆ, ನನ್ನ ತಾಯಿಯ ಮನೆಯಾದ್ರೂ."

ಅವಳು ತಮಾಷೆಗೆ ಹೇಳಿದ್ದಲ್ಲ. ಮಾವ ಇಲ್ಲ ಎಂದಿದ್ದರೆ ಅವಳಿಗೆ ಅಳದಂಗಡಿಯೂ ಇರಲಿಲ್ಲ, ತೋಡಾರೂ ಇರಲಿಲ್ಲ. ನನ್ನ ಪಕ್ಕದಲ್ಲಿ ಹನೀಫಾ, "ಬೇಡ ಅಕ್ಕ" ಎಂದದ್ದು ನನಗೆ ಕೇಳಿಸಿತು, ಅವಳಿಗೆ ಕೇಳಿಸಿದ್ದರೂ ಅವಳು ತಿರುಗಿ ನೋಡಲಿಲ್ಲ. ಶೆಟ್ಟರು ದೀಪ ನೋಡಿದರು, ತಮ್ಮ ಕಾಲು ನೋಡಿದರು, ಧನಿಯ ಕಡೆ ನೋಡಿದರು. ಧನಿ ಸೀಯಾಳದ ರಾಶಿ ನೋಡುತ್ತಿದ್ದರು. ನಾನು ಆ ಮನುಷ್ಯರನ್ನು ಒಳ್ಳೆಯವರೆಂದು ಯಾವತ್ತೂ ಹೇಳಿದವನಲ್ಲ. ಆದರೆ ಆ ಹೊತ್ತು ಅವರು ಸುಳ್ಳು ಹೇಳಲಿಲ್ಲ, ಅದನ್ನು ನಾನು ಬಚ್ಚಿಡುವುದಿಲ್ಲ.

"ಒತ್ತು ಅಂದೆ" ಎಂದರು ಶೆಟ್ಟರು. ಮತ್ತೊಮ್ಮೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ನಾನೇ ಒತ್ತು ಅಂದದ್ದು. ಆ ಎಲೆ ಇಲ್ಲಿ ಕೊಡು."

ಜಲಜಾಕ್ಷಿ ವೀಳ್ಯದೆಲೆಯನ್ನು ಅವರ ಕೈಗೆ ಕೊಟ್ಟಳು. ಇಬ್ಬರು ಹಿಡಿದು ಎಬ್ಬಿಸಿದ ಮೇಲೆ ಶೆಟ್ಟರು ಒಂಟಿಕಾಲಲ್ಲಿ ನಿಂತು ಕಾಣಿಕೆ ಹಾಕಿದರು. ಆಗ ಹನೀಫಾ ಅಂಗಳದಿಂದಲೇ, "ಒತ್ತಿದ್ದು ನಾನು, ನನ್ನದೂ ಒಂದು ಇರಲಿ" ಎಂದು ತನ್ನ ನಾಣ್ಯವನ್ನು ನನ್ನ ಕೈಗೆ ಕೊಟ್ಟ. ನಾನು ಒಳಗೆ ಹೋಗಿ ಅದನ್ನು ಶೆಟ್ಟರ ನಾಣ್ಯದ ಪಕ್ಕದಲ್ಲಿ ಇಟ್ಟು ಬಂದೆ. ಅಷ್ಟು ಜನರಲ್ಲಿ ಯಾರೂ ತಡೆಯಲಿಲ್ಲ.

ಮುಂದಿನ ವಾರ ಧನಿ ಹನೀಫಾನನ್ನು ಕರೆಸಿ ಬೀಗದ ಕೈ ಕೊಟ್ಟರು. ಆದರೆ ಊರು ಅಷ್ಟು ಬೇಗ ಬಗ್ಗಲಿಲ್ಲ. ಮೊದಲ ದಿನ ನಮ್ಮ ಬಸ್ಸು ತೋಡಾರಿನ ಕಟ್ಟೆಗೆ ಬಂದಾಗ ಜನ ನಿಂತಿದ್ದರು, ಯಾರೂ ಹತ್ತಲಿಲ್ಲ. ಒಬ್ಬ ಚಪ್ಪಲಿಯ ಮಣ್ಣು ಉದುರಿಸಿದ, ಇನ್ನೊಬ್ಬನಿಗೆ ವೀಳ್ಯದ ಕಟ್ಟು ಬಿಗಿ ಮಾಡುವ ಕೆಲಸ ಬಂತು. ಎಲ್ಲರೂ ಹಳದಿ ಬಸ್ಸಿಗೆ ಕಾಯುತ್ತಿದ್ದರು. ಹನೀಫಾ ಮುಂದೆ ನೋಡುತ್ತ ಕೂತಿದ್ದ.

ಜಲಜಾಕ್ಷಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಕಟ್ಟೆಯಿಂದ ಎದ್ದಳು. ಹಿಂದಿನ ಬಾಗಿಲಿಗೆ ಬರಲಿಲ್ಲ. ನೇರವಾಗಿ ಮುಂದೆ ಹೋಗಿ, ಬಾಗಿಲು ತೆರೆದು, ಡ್ರೈವರನ ಪಕ್ಕದ ಸೀಟಿನಲ್ಲಿ ಕೂತಳು. ಇಷ್ಟು ವರ್ಷ ಬಸ್ಸುಗಳ ಬಗ್ಗೆ ತೀರ್ಪು ಕೊಟ್ಟವಳು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಅಷ್ಟರಲ್ಲಿ ಮುಂಡಪ್ಪ ಶೆಟ್ಟರನ್ನು ಇಬ್ಬರು ಆಳುಗಳು ಎತ್ತಿಕೊಂಡು ಬಂದರು, ಮಂಗಳೂರಿನಲ್ಲಿ ಕಾಲು ತೋರಿಸಲಿಕ್ಕಿತ್ತು. ಅವರು ಸೀಟು ನೋಡಿದರು. ಅವಳು ರಸ್ತೆ ನೋಡುತ್ತಿದ್ದಳು.

"ಅಣ್ಣು, ಮಾವನಿಗೆ ಹಿಂದಿನ ಬೆಂಚಿನಲ್ಲಿ ಕಾಲು ಚಾಚ್ಲಿಕ್ಕೆ ಜಾಗ ಮಾಡಿಕೊಡು" ಎಂದಳು.

ಶೆಟ್ಟರು ಹಿಂದಿನ ಬೆಂಚಿನ ಕಡೆ ಕೈ ತೋರಿಸಿದರು, ಆಳುಗಳು ಅಲ್ಲಿಗೆ ಎತ್ತಿಕೊಂಡು ಹೋದರು. ಕಾಲು ಮುರಿಸಿಕೊಂಡವರೇ ಹತ್ತಿದ ಮೇಲೆ ಉಳಿದವರಿಗೆ ಹೇಳಿಕೊಳ್ಳಲು ನೆಪ ಉಳಿಯಲಿಲ್ಲ. ಒಬ್ಬೊಬ್ಬರಾಗಿ ಹತ್ತಿದರು. ನಾನು ಬೆನ್ನೆಲುಬಿಲ್ಲದ ನನ್ನ ಸೀಟಿಯನ್ನು ಜೀವ ಬಿಟ್ಟು ಊದಿದೆ.

ಬಸ್ಸು ಹೊರಟಿತು, ಆದರೆ ಅದು ಹನೀಫಾನ ಬಸ್ಸಾಗಿರಲಿಲ್ಲ. ತಿರುವಿಗೆ ಬಹಳ ಮೊದಲೇ ಬ್ರೇಕು, ಎದುರಿನಿಂದ ಸೈಕಲ್ ಬಂದರೂ ರಸ್ತೆ ಬಿಟ್ಟು ನಿಲ್ಲುವುದು. ಗುನುಗೂ ಇಲ್ಲ. ಹಳದಿ ಬಸ್ಸು ಹಾರ್ನ್ ಹೊಡೆಯುತ್ತ ನಮ್ಮನ್ನು ದಾಟಿ ಹೋಯಿತು. ಬಸ್ಸಿನೊಳಗೆ ಜನರಿಗೆ ಖುಷಿಯಾಯಿತು. ಬುದ್ಧಿ ಬಂತು ಈಗ, ಹೀಗೆ ಹೋಗ್ಬೇಕು ಎಂದು ತಲೆಯಾಡಿಸಿದರು. ಎಡಪದವಿನ ಏರು ಬರುವ ತನಕ ಜಲಜಾಕ್ಷಿ ತಾಳಿಕೊಂಡಳು.

"ಹನೀಫಾ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನಾನು ಮನೆಯವರ ಎದುರು ನಿಂತದ್ದು ನೀನು ಎತ್ತಿನ ಗಾಡಿ ಹೊಡೀಲಿ ಅಂತ ಅಲ್ಲ. ರುಕ್ಮಯ್ಯ ಹೋಗ್ಲಿ, ಅವ ಎಲ್ಲಿಗೆ ಬೇಕಾದ್ರೂ ಹೋಗ್ಲಿ. ಆದ್ರೆ ನೀನು ಮಾಫಿ ಸಿಕ್ಕಿದವನ ಹಾಗೆ ಬಸ್ಸು ಓಡಿಸ್ಬೇಡ. ನಿನ್ನ ಹಾಗೆ ಓಡಿಸು."

ಹನೀಫಾ ಅವಳನ್ನು ನೋಡಲಿಲ್ಲ. ಚಪ್ಪಲಿ ಹಾಕಿಕೊಂಡು ಬಂದಿದ್ದ ಆ ದಿನ, ಅದನ್ನು ಕಾಲಿನಿಂದಲೇ ಕಳಚಿ ಬದಿಗೆ ತಳ್ಳಿದ. ಬರಿಗಾಲು ಪೆಡಲಿನ ಮೇಲೆ ಇಟ್ಟ. ಗೇರು ಬದಲಾಯಿತು, ಇಂಜಿನಿನ ದನಿ ಬದಲಾಯಿತು, ಬಸ್ಸು ಏರನ್ನು ತನ್ನ ಹಳೆಯ ಲೆಕ್ಕದಲ್ಲಿ ಹತ್ತಿತು. ಯಾರನ್ನೂ ಅಟ್ಟಿಸಿಕೊಂಡು ಹೋಗಲಿಲ್ಲ, ಯಾರಿಗೂ ಹೆದರಿ ನಿಲ್ಲಲೂ ಇಲ್ಲ. ಕೈಕಂಬ ದಾಟುವಾಗ ಅವನ ಗುನುಗು ನನಗೆ ಕೇಳಿಸಿತು. ಹಿಂದಿನ ಬೆಂಚಿನಲ್ಲಿ ಮುಂಡಪ್ಪ ಶೆಟ್ಟರು ಕಬ್ಬಿಣದ ಸರಳು ಹಿಡಿದು, ತುಟಿ ಬಿಗಿದು ಕೂತಿದ್ದರು.

ಮಂಗಳೂರಿನಲ್ಲಿ ಎಲ್ಲರೂ ಇಳಿದ ಮೇಲೆ ಹನೀಫಾ ಬಸ್ಸಿನ ಮೂಗಿನ ಹತ್ತಿರ ಹೋಗಿ ನಿಂತ. ಅಲ್ಲಿ ಹೊಸ ಬಣ್ಣ ಬಳಿದಿದ್ದರು. ಏನೂ ಕಟ್ಟಿರಲಿಲ್ಲ.

"ಅಕ್ಕ, ಹಿಂಗಾರ ಇಲ್ವಾ ಇವತ್ತು?" ಎಂದು ಕೇಳಿದ. ಅರ್ಧ ನಗೆ, ಅರ್ಧ ಹೆದರಿಕೆ.

ಜಲಜಾಕ್ಷಿ ಸೀರೆಯ ಧೂಳು ಕೊಡವಿಕೊಂಡಳು. ಅಷ್ಟೆಲ್ಲ ಮಾಡಿದವಳು ಆ ಒಂದು ವಿಷಯದಲ್ಲಿ ಮಾತ್ರ ಅವನಿಗೆ ದಾಕ್ಷಿಣ್ಯ ತೋರಿಸಲಿಲ್ಲ.

"ಎಡಪದವಿನ ತನಕ ನೀನು ಓಡಿಸಿದ್ದಕ್ಕೆ ಹುಲ್ಲೂ ಕಟ್ಟಬಾರದು" ಎಂದಳು. "ನಾಳೆ ನೋಡುವ."

ಹನೀಫಾ ತಲೆ ತಗ್ಗಿಸಿ, ಬಸ್ಸಿನ ಬದಿಗೆ ಕೈಯೂರಿ, ಬಹಳ ಹೊತ್ತು ಹಾಗೆಯೇ ನಿಂತ. ಅಳುತ್ತಿದ್ದಾನೆ ಎಂದು ನಾನು ಹತ್ತಿರ ಹೋದೆ. ಅವನು ನಗುತ್ತಿದ್ದ. "ಕೇಳಿದ್ಯಾ ಅಣ್ಣು" ಎಂದ, "ನಾಳೆ ಅಂತೆ." ಆಮೇಲೆ ಬರಿಗಾಲಲ್ಲೇ ಸೀಟು ಹತ್ತಿ, ಚಪ್ಪಲಿಯನ್ನು ಸೀಟಿನ ಅಡಿಗೆ ತಳ್ಳಿ, ಮೂಡುಬಿದಿರೆಗೆ ಹೊರಡುವ ಜನರನ್ನು ಕರೆಯಲು ನನಗೆ ಹೇಳಿದ.